ನೆಲದಿಂದ ನಾಲ್ಕು ಬೆರಳು ಮೇಲೆ

ಹೆದರಿಕೆಯನ್ನು ತಾವಾಗಿ ಹುಡುಕಿಕೊಂಡು ಹೋಗುವವರು ಕಡಿಮೆ. ನಾನು ಮಾತ್ರ ಎಷ್ಟೋ ವರ್ಷಗಳಿಂದ ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಸಿಕೊಂಡು ಹೋಗಿ, ಚೆನ್ನಾಗಿ ಹೆದರಿಕೊಂಡು, ಸಂಜೆ ಮನೆಗೆ ಬರುತ್ತೇನೆ. ಹೋದಲ್ಲೆಲ್ಲ ಏನಾದರೊಂದು ನಗೆಪಾಟಲು ಆಗದೆ ಇದ್ದದ್ದೇ ಇಲ್ಲ.

ನನ್ನ ಹವ್ಯಾಸ ಗೋ-ಕಾರ್ಟ್ ರೇಸು. ನೋಡದವರಿಗೆ ಹೇಳಿಬಿಡುತ್ತೇನೆ: ನಾಲ್ಕು ಪುಟ್ಟ ಗಾಲಿ, ನಡುವೆ ಕಬ್ಬಿಣದ ಪೈಪಿನ ಚೌಕಟ್ಟು, ಬೆನ್ನ ಹಿಂದೆ ಎಂಜಿನ್ನು. ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ. ಕೂತರೆ ನಾವು ನೆಲದಿಂದ ನಾಲ್ಕು ಬೆರಳು ಮೇಲಿರುತ್ತೇವೆ, ಅಷ್ಟೆ. ಅಲ್ಲಿಂದ ನೋಡಿದರೆ ಎದುರಿಗೆ ಬಿದ್ದ ಬೆಂಕಿಪೊಟ್ಟಣವೂ ಲಾರಿಯ ಹಾಗೆ ಕಾಣುತ್ತದೆ. ನನ್ನ ಗಾಡಿಗೆ ಹಳೆಯ ಸ್ಕೂಟರಿನ ಎಂಜಿನ್ನು. ಅದನ್ನು ಕೂಡಿಸಿ ವೆಲ್ಡಿಂಗ್ ಮಾಡಿ ಕೊಟ್ಟವನು ಹೊಸಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಗೆಳೆಯ ಮೆಕ್ಯಾನಿಕ್. ನಾನು ಗಣಿ ಕಂಪನಿಯೊಂದರ ಸ್ಟೋರ್ಸಿನಲ್ಲಿ ಅಧಿಕಾರಿಯಾಗಿದ್ದಾಗ ಲಾರಿ ರಿಪೇರಿಗೆ ಬರುತ್ತಿದ್ದ. ಬಂದವನು ಈ ಹುಚ್ಚು ಹಚ್ಚಿಸಿ ಹೋದ. ಯಶವಂತನಗರದ ಹತ್ತಿರ ಲಾರಿಗಳು ನಿಲ್ಲುತ್ತಿದ್ದ ಒಂದು ಹಳೆಯ ಯಾರ್ಡೇ ನಮ್ಮ ಟ್ರ್ಯಾಕು. ಸುತ್ತಲೂ ಲಾರಿಯ ಸವೆದ ಟೈರುಗಳ ಸಾಲು, ನೆಲದ ತುಂಬ ಕೆಂಪು ಧೂಳು.

ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಾನು ರಿಟೈರ್ ಆದ ವಾರವೇ ಒಂದು ಕರಾರು ಹಾಕಿದರು: "ನಿಮ್ಮ ರೇಸು ಒಂದಿನ ನಾನ ಬಂದು ನೋಡ್ತೀನ್ರಿ. ನೋಡಿ ನನ್ನ ಎದಿ ಝಲ್ ಅಂತೋ, ಮರುದಿನ ಗಾಡಿ ಗುಜರಿಗೆ."

ಅಂದಿನಿಂದ ನನಗೆ ಎರಡು ಹೆದರಿಕೆ. ಒಂದು, ಗಾಡಿಯಲ್ಲಿ ಕೂತಾಗಿನದು. ಇನ್ನೊಂದು, ಇವಳು ಎಲ್ಲಿ ಬಂದುಬಿಡುತ್ತಾಳೋ ಎಂಬುದು. ಬಿಸಿಲು ಭಾಳ, ಧೂಳು ಭಾಳ, ಕೂಡಲಿಕ್ಕೆ ನೆರಳಿಲ್ಲ ಎಂದು ಹೇಳುತ್ತ ದಿನ ನೂಕಿದೆ.

ಹೆಲ್ಮೆಟ್ಟಿನ ಪ್ರಯಾಣಿಕ

ಒಮ್ಮೆ ರೇಸು ಮುಗಿದ ಮೇಲೆ ಹೆಲ್ಮೆಟ್ ತೆಗೆಯಲು ಹೋದೆ. ಗದ್ದದ ಕೆಳಗಿನ ಕ್ಲಿಪ್ಪು ಧೂಳು ತುಂಬಿ ಕಚ್ಚಿಕೊಂಡಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಹತ್ತಿರ ಬಂದ. ಅದರ ಮೊನೆಯನ್ನೂ ನನ್ನ ಕುತ್ತಿಗೆಯನ್ನೂ ನೋಡಿ, "ಬ್ಯಾಡಪ್ಪ, ಮನೀಗೆ ಹೋಗಿ ಎಣ್ಣಿ ಬಿಟ್ಟು ತೆಗೀತೀನಿ" ಅಂದೆ. ಅವನು ಗಾಡಿ ಸಾಗಿಸುವ ಕೆಲಸಕ್ಕೆ ಅಲ್ಲೇ ಉಳಿದ. ನಾನು ಸಂಡೂರಿಗೆ ಬಂದು ಹೊಸಪೇಟೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ, ಹೆಲ್ಮೆಟ್ ಸಮೇತ.

ಬಸ್ಸು ಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನನ್ನು ಒಂದು ಸಲ, ಮುಂದಿನ ಗುಡ್ಡದ ತಿರುವನ್ನು ಒಂದು ಸಲ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಯಾಕಪ್ಪ, ಮುಂದ ಏನರ ಆಗೂದೈತೇನು?"

"ಏನಿಲ್ಲಬೇ, ಕ್ಲಿಪ್ಪು ಸಿಕ್ಕೊಂಡೈತಿ" ಅಂದೆ. ಹೆಲ್ಮೆಟ್ಟಿನೊಳಗಿಂದ ಅದು ಅವಳಿಗೆ ಹೇಗೆ ಕೇಳಿಸಿತೋ, ಹಿಂದಕ್ಕೆ ತಿರುಗಿ, "ಬ್ರೇಕು ಸಿಕ್ಕೊಂಡೈತಂತ!" ಅಂದಳು.

ಮುಗಿಯಿತು. ಒಬ್ಬರು ಮುಂದಿನ ಸೀಟಿನ ಸರಳು ಹಿಡಿದರು. ಇನ್ನೊಬ್ಬರು ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡರು. ತಿರುವು ಬಂದಾಗ ಇಡೀ ಬಸ್ಸು ಒಟ್ಟಿಗೆ "ಹೋ" ಅಂತು. ಅವರೆಲ್ಲ ಹೆದರಿದ್ದು ನೋಡಿ ನನಗೂ ಹೆದರಿಕೆಯಾಗಿ ನಾನೂ ಸರಳು ಹಿಡಿದೆ. ನಾನು ಹಿಡಿದದ್ದು ನೋಡಿ ಅಜ್ಜಿ ಕಣ್ಣು ಮುಚ್ಚಿದಳು.

ಕಂಡಕ್ಟರ್ ಜನರನ್ನು ಸರಿಸುತ್ತ ನನ್ನ ಹತ್ತಿರ ಬಂದು ಕೈ ಮುಗಿದ: "ಸರ್, ನಮ್ಮ ಡ್ರೈವರ್ ಮ್ಯಾಲ ನಂಬಿಕಿ ಇಲ್ದಿದ್ರ ಹಿಂದಿನ ಬಸ್ಸಿಗೆ ಬರ್ರಿ. ಹಿಂಗ ಡ್ರೆಸ್ ಮಾಡ್ಕೊಂಡು ಕುಂತ್ರ ಅವನೂ ಹೆದರಾಕತ್ತಾನ!"

ಗೋ ಅಂದರೆ

ಒಂದು ವರ್ಷ ನಮ್ಮ ರೇಸಿಗೆ ಉದ್ಘಾಟನೆ ಗಿದ್ಘಾಟನೆ ಇರಲಿ ಎಂದು ಹುರುಪು ಬಂತು. ಕರಪತ್ರ ಅಚ್ಚು ಹಾಕಿಸಿದೆವು: "ಗೋ ಕಾರ್ಟ್ ಸ್ಪರ್ಧೆ. ಸರ್ವರಿಗೂ ಸ್ವಾಗತ." ಊರಿನ ಹಿರಿಯರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದೆವು. ಅವರು ಅರಿಶಿನ ಕುಂಕುಮದ ತಟ್ಟೆ, ಒಂದು ಕಟ್ಟು ಹಸಿ ಹುಲ್ಲು ಸಮೇತ ಬಂದು ಇಳಿದಾಗಲೇ ನಮಗೆ ಸಂಶಯ ಬರಬೇಕಿತ್ತು. ಮೈಕು ಹಿಡಿದವರೇ ಗೋವಿನ ಹಾಲು, ಗೋವಿನ ತುಪ್ಪ, ಗೋವಿನ ಸಾಧು ಸ್ವಭಾವ ಎಂದು ಹೇಳುತ್ತಲೇ ಹೋದರು. ನಾವು ಹೆಲ್ಮೆಟ್ ಹಾಕಿಕೊಂಡು ಬಿಸಿಲಿನಲ್ಲಿ ಕೂತು ಕೇಳಿದೆವು.

ಅಷ್ಟರಲ್ಲಿ ಗೇಟಿನ ಹತ್ತಿರ ಗೆಜ್ಜೆ ಸದ್ದು. ಚೋರನೂರಿನಿಂದ ರೈತರೊಬ್ಬರು ಜೋಡಿ ಎತ್ತು ಹೊಡೆದುಕೊಂಡು ಬಂದಿದ್ದರು. ಕೋಡಿಗೆ ಬಣ್ಣ, ಬೆನ್ನಿಗೆ ಜೂಲು. "ಗೋವಿನ ಗಾಡಿ ಸ್ಪರ್ಧಾ ಅಂತ ಓದಿ ಹೇಳಿದ್ರು. ನಂದೂ ಹೆಸರು ಬರ್ಕೋರಿ" ಅಂದರು.

ನಾನು ಗಾಡಿಯಲ್ಲಿ ಕೂತೇ ವಿವರಿಸಿದೆ: "ಯಜಮಾನ್ರೇ, ಗೋ ಅಂದ್ರ ಆಕಳಲ್ರಿ. ಇಂಗ್ಲಿಷಿನ್ಯಾಗ ಹೋಗು ಅಂತ."

"ಹೋಗು ಅಂತೀರೇನ್ರಿ? ಚೋರನೂರಿನಿಂದ ಬಂದೋನಿಗೆ?" ಅವರ ಮುಖ ಕೆಂಪಗಾಯಿತು.

ಸಮಾಧಾನ ಮಾಡಬೇಕೆಂದು ಮೆಕ್ಯಾನಿಕ್, "ತಡೀರಿ, ನಮ್ಮ ಗಾಡಿ ಹೆಂಗಿರ್ತಾವ ತೋರಸ್ತೀನಿ" ಎಂದು ನನ್ನ ಎಂಜಿನ್ನು ಚಾಲು ಮಾಡಿಬಿಟ್ಟ. ಆ ಸದ್ದಿಗೆ ಬಲಗಡೆಯ ಎತ್ತು ಹಗ್ಗ ಕಿತ್ತುಕೊಂಡು ನೇರ ನನ್ನ ಕಡೆಗೆ! ನಾಲ್ಕು ಬೆರಳು ಎತ್ತರದಿಂದ ಎತ್ತನ್ನು ನೋಡಿದ್ದೀರಾ? ಗೋಪುರಕ್ಕೆ ಕೋಡು ಬಂದ ಹಾಗಿರುತ್ತದೆ. ನಾನು ಬಲಗಾಲು ಒತ್ತಿದವನು ಒತ್ತಿಯೇ ಇಟ್ಟೆ. ತಿರುವಿಗೆಲ್ಲ ಬ್ರೇಕು ಹಿಡಿಯುವ ಮನುಷ್ಯ ಅಂದು ಬ್ರೇಕೆಂಬುದೊಂದಿದೆ ಎಂಬುದನ್ನೇ ಮರೆತೆ. ಹಿಂದೆ ಗೆಜ್ಜೆ ಘಲ್ ಘಲ್. ಮೈಕಿನಲ್ಲಿ ಇನ್ನೂ "ಸಾಧು ಪ್ರಾಣಿ, ಸಾಧು ಪ್ರಾಣಿ" ಎಂದು ಕೇಳುತ್ತಿತ್ತು.

ಒಂದು ಸುತ್ತು ಮುಗಿಯುವುದರಲ್ಲಿ ಅತಿಥಿಗಳು ತಂದ ಹುಲ್ಲು ಎತ್ತಿನ ಕಣ್ಣಿಗೆ ಬಿತ್ತು, ನಾನು ಬದುಕಿದೆ. ಮೆಕ್ಯಾನಿಕ್ ಕೈಗಡಿಯಾರ ನೋಡಿಕೊಂಡು, "ಸರ್, ನಮ್ಮ ಟ್ರ್ಯಾಕಿನ್ಯಾಗ ಇಷ್ಟು ಜಲ್ದಿ ಯಾರೂ ಸುತ್ತು ಹೊಡೆದಿಲ್ರಿ!" ಅಂದ.

ರೈತರ ಸಿಟ್ಟೂ ಅಷ್ಟೊತ್ತಿಗೆ ಇಳಿದಿತ್ತು. ಎತ್ತಿನ ಬೆನ್ನು ಸವರುತ್ತ ನನಗೆ ಹೇಳಿದರು: "ನನ್ನ ಎತ್ತು ಓಡಬೇಕಂದ್ರ ಬಾರುಕೋಲು ಬೇಕ್ರಿ. ನೀವು ಓಡಬೇಕಂದ್ರ ನನ್ನ ಎತ್ತು ಸಾಕು."

ಹಂಪಿ ಹತ್ತಿರ ಚಹಾ

ಕಂಪ್ಲಿಯಲ್ಲಿ ಒಬ್ಬರು ತಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಓಡಿಸಲು ಕರೆದಿದ್ದರು. ಓಡಿಸಿ, ಗಾಡಿಯನ್ನು ಗೂಡ್ಸ್ ಆಟೋದ ಮೇಲೆ ಕಟ್ಟಿಕೊಂಡು ಮೆಕ್ಯಾನಿಕ್ ಮತ್ತು ನಾನು ವಾಪಸು ಬರುತ್ತಿದ್ದೆವು. ಬುಕ್ಕಸಾಗರ ದಾಟಿ, ಹಂಪಿ ಕಡೆ ಚಹಾಕ್ಕೆ ಇಳಿದೆವು. ತಿರುಗಿ ನೋಡಿದರೆ ನನ್ನ ಸೀಟಿನಲ್ಲಿ ದೊಡ್ಡದೊಂದು ಕೋತಿ. ಎರಡೂ ಕೈ ಸ್ಟೀರಿಂಗ್ ಮೇಲೆ, ನೋಟ ನೇರ ಮುಂದಕ್ಕೆ.

"ಇಳಸ್ರಿ ಸರ್, ನಿಮ್ಮ ಗಾಡಿ" ಅಂದ ಮೆಕ್ಯಾನಿಕ್. ನಾನು "ಹುಶ್" ಅಂದೆ. ಅದು ಹಲ್ಲು ತೋರಿಸಿತು. ನಾನು ಎರಡು ಹೆಜ್ಜೆ ಹಿಂದೆ ಬಂದೆ. ಅದು ಒಂದು ಕಾಲು ಕೆಳಗಿಟ್ಟಿತು. ನಾನು ಓಡಿ ಆಟೋದ ಕ್ಯಾಬಿನ್ನು ಹೊಕ್ಕು ಗಾಜು ಏರಿಸಿದೆ.

"ಗಾಡಿ ಅಲುಗಾಡಿದ್ರ ತಾನ ಜಿಗೀತೈತಿ" ಎಂದು ಮೆಕ್ಯಾನಿಕ್ ಆಟೋ ಹೊರಡಿಸಿದ. ಎಲ್ಲಿಯ ಜಿಗಿತ! ಗಾಳಿ ಬಡಿದ ಕೂಡಲೇ ಅದಕ್ಕೆ ಖುಷಿಯಾಯಿತು. ದಾರಿಯುದ್ದಕ್ಕೂ ಜನ ನಿಂತು ನೋಡಿದರು: ಗಾಜಿನ ಒಳಗೆ ಮುದುಡಿಕೊಂಡು ನಾನು, ಹೊರಗೆ ಸ್ಟೀರಿಂಗ್ ಹಿಡಿದು ಅದು. ಕಮಲಾಪುರದ ಬಾಳೆಹಣ್ಣಿನ ಅಂಗಡಿ ಕಂಡಾಗಲೇ ಸವಾರಿ ಇಳಿದದ್ದು.

ಮರುದಿನ ಪಕ್ಕದ ಮನೆಯವರು ನಮ್ಮ ಮನೆಯವರ ಎದುರಿಗೇ ಕೇಳಿದರು: "ನಿನ್ನೆ ದಾರಿಯಾಗ ನಿಮ್ಮನ್ನ ನೋಡಿದೆ ಸರ್. ಆ ಪುಟ್ಟ ಗಾಡಿಯಾಗ ಕುಂತು ಹೊಂಟಿದ್ರಿ. ಹೆಲ್ಮೆಟ್ ಯಾಕ ಹಾಕಿದ್ದಿಲ್ಲ?"

ನಮ್ಮ ಮನೆಯವರು ನನ್ನನ್ನೇ ದಿಟ್ಟಿಸಿದರು. ಅದು ನಾನಲ್ಲ, ಕೋತಿ ಎನ್ನಲೇ? "ಮರೆತಿದ್ದೆ" ಎಂದು ಒಪ್ಪಿಕೊಂಡೆ.

ಬಿಡ್ರಿ

ಈಚೆಗೆ ಒಂದು ಭಾನುವಾರ ಆಗಬಾರದ್ದು ಆಯಿತು. ನಾನು ಬುತ್ತಿಗೆ ಕೈ ಚಾಚಿದರೆ ಎರಡು ಬುತ್ತಿ ಕಟ್ಟಿದೆ. "ನಡೀರಿ, ನಾನೂ ಬರ್ತೀನಿ" ಅಂದರು ನಮ್ಮ ಮನೆಯವರು.

"ಬಿಸಿಲು..."

"ಛತ್ರಿ ಐತಿ."

"ಧೂಳು..."

"ಹಳೇ ಸೀರಿ ಉಟ್ಟೀನಿ."

ಟ್ರ್ಯಾಕಿಗೆ ಹೋದವನೇ ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕರೆದೆ. "ಇವತ್ತು ಇವಳ ಎದಿ ಝಲ್ ಅಂದ್ರ ನಾಳೆ ಗಾಡಿ ಗುಜರಿಗೆ. ಎದಿ ಝಲ್ ಅನ್ನಂಗ ಗಾಡಿ ಓಡಬಾರದು ನೋಡು."

"ನಿಮ್ಮ ಗಾಡಿ ಯಾವತ್ತು ಹಂಗ ಓಡೈತ್ರಿ ಸರ್?" ಅಂದ ದ್ರೋಹಿ.

ರೇಸು ಶುರುವಾಯಿತು. ನಾನು ಮದುವೆ ಮೆರವಣಿಗೆಯ ಕಾರಿನ ಹಾಗೆ ಹೊರಟೆ. ನಮ್ಮ ಜೊತೆ ಓಡಿಸುವ ಹೊಸಪೇಟೆಯ ಹಲ್ಲಿನ ಡಾಕ್ಟರೊಬ್ಬರು ಬರ್ ಎಂದು ದಾಟಿ ಹೋದರು. ಉಳಿದವರೂ ಹೋದರು. ಟೈರಿನ ಸಾಲಿನ ಹಿಂದೆ ಕೊಡೆ ಹಿಡಿದು ನಿಂತಿದ್ದ ನಮ್ಮ ಮನೆಯವರು ಏನೋ ಕೂಗುತ್ತಿದ್ದರು. ಎಂಜಿನ್ನಿನ ಗದ್ದಲ, ಮೇಲೆ ಹೆಲ್ಮೆಟ್, ಕೇಳಿಸಿದ್ದು ಒಂದೇ ಮಾತು: "ಬಿಡ್ರಿ!"

ನನ್ನ ಎದೆಯೇ ಝಲ್ ಅಂತು. ಇನ್ನೂ ನಿಧಾನ ಮಾಡಿದೆ. ಎರಡನೇ ಸುತ್ತಿಗೆ ಬಂದರೆ ಕೊಡೆ ಬೀಸುತ್ತ, "ಬಿಡ್ರೀ! ಬಿಡ್ರೀ!"

ಇನ್ನೇನು ಉಳಿಯಿತು? ಅವಳ ಮುಂದೆಯೇ ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಎತ್ತಿದೆ. "ಆತು, ಬಿಟ್ಟೆ" ಅಂದೆ.

"ಏನು ಬಿಟ್ರಿ?"

"ಗಾಡಿ."

"ಎಲ್ಲಿ ಬಿಟ್ರಿ? ನಿಂದ್ರಿಸೀರಿ!"

"ಅಂದ್ರ, ರೇಸು ಬಿಟ್ಟೆ. ನೀನು ಬಿಡ್ರಿ ಅಂದೆಲ್ಲ."

"ಅಯ್ಯ ನನ್ನ ಕರ್ಮ! ಗಾಡಿ ಬಿಡ್ರಿ ಅಂದೆ, ಜೋರ್ ಬಿಡ್ರಿ ಅಂದೆ! ಆ ಹಲ್ಲಿನ ಡಾಕ್ಟರು ನನ್ನ ನೋಡಿ ಹಲ್ಲು ಕಿಸದು ದಾಟಿ ಹೋದ್ರು. ಮಾನ ಹೋಗಾಕತ್ತೈತಿ!"

"ನಿನ್ನ ಎದಿ ಝಲ್ ಅನ್ನಲಿಲ್ಲೇನು?"

"ಝಲ್ ಅನ್ನಾಕ ಇದರಾಗ ಏನೈತ್ರಿ? ನನಗ ನಿದ್ದಿ ಬರಾಕತ್ತೈತಿ!"

ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ? ಗಾಜು ಇಳಿಸಿದೆ, ಬಲಗಾಲು ಒತ್ತಿದೆ. ಹೆದರುತ್ತಲೇ ಒತ್ತಿದೆ. ಒಬ್ಬರನ್ನು ದಾಟಿದೆ. ಡಾಕ್ಟರ ಬೆನ್ನು ಕಂಡಿತು. ಕೊನೆಯ ತಿರುವಿನ ಆಚೆ ಒಗ್ಗರಣೆ ಮಂಡಕ್ಕಿಯ ಅಂಗಡಿ ಹಾಕಿದ್ದರು. ಇವಳು ಅಲ್ಲಿಗೆ ಓಡಿ ಬಂದು ನಿಂತಿದ್ದಳು. ನಾನು ತಿರುವಿಗೆ ಬರುತ್ತಿದ್ದ ಹಾಗೆ ಮೊದಲಿಗಿಂತ ಜೋರಾಗಿ, "ಬಿಡ್ರಿ! ಬಿಡ್ರೀ!"

ಹೆಂಡತಿ ಇಷ್ಟು ಹುರಿದುಂಬಿಸುವಾಗ ಹಿಂದೆ ಸರಿಯುವ ಗಂಡ ನಾನಲ್ಲ. ಕಾಲು ಇನ್ನೂ ಒತ್ತಿದೆ. ಗಾಡಿ ತಿರುವಿಗೆ ತಿರುಗಲಿಲ್ಲ, ಟೈರುಗಳ ಸಾಲನ್ನು ಸೀಳಿಕೊಂಡು ನೇರ ಅಂಗಡಿಗೆ ಹೋಯಿತು. ಪುಣ್ಯಕ್ಕೆ ಮಿರ್ಚಿ ಕರಿಯುವ ಬಾಣಲೆ ಆಚೆ ಬದಿಗಿತ್ತು. ಈಚೆ ಬದಿಗಿದ್ದದ್ದು ಮಂಡಕ್ಕಿಯ ಚೀಲಗಳು. ನನ್ನ ಮದುವೆಯಲ್ಲಿ ಬಿದ್ದ ಅಕ್ಷತೆಗಿಂತ ಹೆಚ್ಚು ಮಂಡಕ್ಕಿ ತಲೆಯ ಮೇಲೆ ಬಿತ್ತು.

ಎಲ್ಲ ಎಂಜಿನ್ನುಗಳೂ ನಿಂತವು. ಮಂಡಕ್ಕಿಯ ರಾಶಿಯಲ್ಲಿ ಕುತ್ತಿಗೆವರೆಗೆ ಹೂತು ಕೂತಿದ್ದೆ. ಕೈಕಾಲು ನೆಟ್ಟಗಿದ್ದವು, ಆದರೆ ಗಾಡಿ ಗುಜರಿಗೆ ಹೋದದ್ದು ಕಣ್ಣ ಮುಂದೆ ಕಾಣುತ್ತಿತ್ತು. ಇವಳು ಬಂದು ನನ್ನ ಹೆಲ್ಮೆಟ್ ಕಿತ್ತು, ಕೈ ಮುಟ್ಟಿ, ಮೊಣಕಾಲು ಮುಟ್ಟಿ ನೋಡಿ, ಶುರು ಮಾಡಿದಳು:

"ಬಿಡ್ರಿ ಅಂದೆನೋ ಇಲ್ಲೋ? ಎಕ್ಸಲೇಟರ್ ಬಿಡ್ರಿ ಅಂತ ಬಡ್ಕೊಂಡೆ!"

"ಆಗ ಬಿಡ್ರಿ ಅಂದ್ರ ಗಾಡಿ ಬಿಡ್ರಿ ಅಂದಿದ್ದಿ" ಅಂದೆ, ಬಾಯೊಳಗಿನ ಮಂಡಕ್ಕಿ ನುಂಗಿ.

ಅವಳು "ಬಿಡ್ರಿ, ಬಿಡ್ರಿ" ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿ ನೋಡಿದಳು. ಉತ್ತರ ಪತ್ರಿಕೆಯಲ್ಲಿ ಹುಡುಗ ಬರೆದದ್ದೂ ಒಂದು ಲೆಕ್ಕಕ್ಕೆ ಸರಿಯೇ ಎನಿಸಿದಾಗ ಹೀಗೇ ಎರಡೆರಡು ಸಲ ಓದಿ ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಈ ಮಾತಿನ್ಯಾಗ ಐಬು ಐತಿ. ಮುಂದಿನ ಸಲ ನಾನು ಹೋಗ್ರಿ ಇಲ್ಲಾ ನಿಲ್ರಿ, ಇವೆರಡ ಹೇಳ್ತೀನಿ. ತಿಳೀತೇನು?"

ಮುಂದಿನ ಸಲ! ಉಳಿದದ್ದು ನನ್ನ ಕಿವಿಗೆ ಹೋಗಲೇ ಇಲ್ಲ. ಮಂಡಕ್ಕಿಯಲ್ಲಿ ಕೂತು ಗಹಗಹಿಸಿ ನಗತೊಡಗಿದೆ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಓಡಿ ಬಂದು ನನ್ನ ಮುಖದ ಮುಂದೆ ಕೈ ಹಿಡಿದರು. "ಸರ್, ಇಲ್ಲಿ ನೋಡ್ರಿ. ಇವು ಎಷ್ಟು ಬೆರಳು?"

"ಮುಂದಿನ ಸಲ!" ಅಂದೆ.

ಡಾಕ್ಟರು ಗಾಬರಿಯಿಂದ ನಮ್ಮ ಮನೆಯವರ ಕಡೆ ತಿರುಗಿ ದನಿ ತಗ್ಗಿಸಿದರು: "ಮೇಡಂ, ತಲಿಗೆ ಪೆಟ್ಟಾದಂಗ ಕಾಣಸ್ತೈತ್ರಿ."

"ಅದು ಮೊದಲಿಂದ ಹಂಗ ಐತ್ರಿ ಡಾಕ್ಟ್ರೇ" ಅಂದಳು. "ಗಾಡಿಗೆ ಏನಾಗೈತಿ ನೋಡ್ರಿ."