ಮೂರೂವರೆ ಮಿಲಿಮೀಟರಿನ ಫರಸಿ

ಖುಷ್ನುಮಾ ಆಪಾ ಅಂಗಳ ತೊಳೆದ ಒಂದು ಬಕೆಟ್ ನೀರನ್ನು ಹೊರಗೆ ಚೆಲ್ಲಿದಾಗ ನಾನು ಅವರ ಕಟ್ಟೆಯ ಕೆಳಗೆ ಬೋರಲು ಮಲಗಿದ್ದೆ. ಅಳತೆಯ ಟೇಪಿನ ಒಂದು ತುದಿ ನನ್ನ ಹಲ್ಲಿನಲ್ಲಿತ್ತು, ಇನ್ನೊಂದು ತುದಿಯನ್ನು ಗೋಡೆಯವರೆಗೆ ಚಾಚುತ್ತಿದ್ದೆ. ಬಾಯಿ ತೆರೆದು ಕೂಗಿದರೆ ಟೇಪು ಬಿಟ್ಟುಹೋಗುತ್ತದೆ. ಅಳತೆ ತಪ್ಪುತ್ತದೆ. ಕೂಗಲಿಲ್ಲ. ನೀರು ಇಡಿಯಾಗಿ ತಲೆಯ ಮೇಲೆ ಬಿತ್ತು. ಅಳತೆ ಮಾತ್ರ ಒಂದು ನೂಲೂ ಆಚೀಚೆ ಆಗಲಿಲ್ಲ: ಸರಿಯಾಗಿ ಮೂರು ಅಡಿ!

“ಯಾ ಅಲ್ಲಾ, ಯಾರದು?”

“ನಾನ್ರಿ ಆಪಾ, ವೀರಭದ್ರ. ಎದುರು ಮನಿ.”

“ಅಲ್ಲಿ ಯಾಕ ಬಿದ್ದೀರಿ ಅಣ್ಣಾ? ಚಕ್ಕರ್ ಬಂತೇನು?”

“ಇಲ್ರಿ, ನಿಮ್ಮ ಕಟ್ಟಿ ಅಳ್ಯಾಕತ್ತೇನಿ.”

“ಯಾಕ?”

“ಬಸವಕಲ್ಯಾಣಕ್ಕ ರೈಲು ತರಾಕ.”

ಆಪಾ ಒಳಗೆ ಹೋಗಿ ನನ್ನ ಹೆಂಡತಿಗೆ ಫೋನ್ ಮಾಡಿದರು. ಆರು ಅಡಿ ದೂರದ ಎದುರು ಮನೆಯವಳಿಗೆ ಫೋನು! ನನ್ನ ಆರೋಗ್ಯದ ವಿಷಯ ಅಷ್ಟು ಗುಟ್ಟಿನದಾಗಿ ಕಂಡಿತ್ತು.

ಆದರೆ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಹೆಂಡತಿ ವಿಜಯಶ್ರೀಯ ತವರು ಹುಮನಾಬಾದ್. ಅಲ್ಲಿ ರೈಲು ನಿಲ್ದಾಣವಿದೆ. ನಮ್ಮ ಬಸವಕಲ್ಯಾಣದ ಪೇಟೆಗೆ ಬಸ್ಸಿದೆ, ಹತ್ತಿರದಲ್ಲೇ ಹೆದ್ದಾರಿಯಿದೆ, ರೈಲಿಲ್ಲ. ಈ ಭೂಗೋಳದ ಪಾಠ ನಮ್ಮ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನವೂ ನಡೆಯುತ್ತದೆ, ಕಡಿಮೆಯಾದ ದಿನವೂ ನಡೆಯುತ್ತದೆ. ಒಂದು ದಿನ ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು. ಆವತ್ತೂ ನಡೆಯಿತು.

“ನಮ್ಮೂರವ್ರು ಬೇಕಂದಾಗ ರೈಲು ಹತ್ತತಾರ. ನೀವು ಬೇಕಂದ್ರೂ ಹತ್ತಾಕ ಆಗಂಗಿಲ್ಲ.”

ತಟ್ಟೆಯಲ್ಲೇ ಕೈ ತೊಳೆದು ಎದ್ದು ನಿಂತೆ. “ಯಾರೂ ತರದಿದ್ರ ನಾನೇ ತರ್ತೀನಿ. ಮೂರು ತಿಂಗಳದಾಗ ಕಲ್ಯಾಣಕ್ಕ ರೈಲು ಬರ್ತದ, ಬರಕೊಂಡು ಇಡು.”

“ಎಲ್ಲಿಗಿ ಬರ್ತದ?”

“ನಡುಮನಿ ಟೇಬಲ್ ಮ್ಯಾಲಿ.”

ನನ್ನದು ಸ್ಟೇಷನರಿ ಅಂಗಡಿ. ವ್ಯಾಪಾರದ ಹೆಸರಿನಲ್ಲೇ ಸ್ಟೇಷನ್ ಹೊತ್ತವನು ಸ್ಟೇಷನ್ ಕಟ್ಟದಿದ್ದರೆ ಇನ್ನಾರು ಕಟ್ಟಬೇಕು? ಆನ್‌ಲೈನಿನಲ್ಲಿ ಆಟಿಕೆಯ ರೈಲು ತರಿಸಿದೆ. ಆಟಿಕೆ ಎಂದರೆ ಅದಕ್ಕೆ ಅವಮಾನ. ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು ಅಳತೆಯ ಮಾದರಿ ಅದು. ಈ ಅಳತೆಯ ಹುಚ್ಚು ನನಗೆ ಕಾನ್ವೆಂಟಿನಲ್ಲಿ ಹತ್ತಿದ್ದು. ಗೆರೆ ಕಾಲಿಂಚು ಸೊಟ್ಟಗಾದರೆ ಸಿಸ್ಟರ್ ಸ್ಕೇಲಿನಿಂದಲೇ ಹೊಡೆಯುತ್ತಿದ್ದರು. ಹೊಡೆತ ತಿಂದವರಲ್ಲಿ ಕೆಲವರು ಇಂಗ್ಲಿಷ್ ಕಲಿತರು, ಕೆಲವರು ಶಾಲೆ ಬಿಟ್ಟರು, ನಾನೊಬ್ಬ ಸ್ಕೇಲಿಗೇ ಮರುಳಾದೆ.

ಸ್ಟೇಷನ್ ಹತ್ತು ದಿನದಲ್ಲಿ ಎದ್ದಿತು. ಹಳದಿ ಫಲಕದ ಮೇಲೆ ‘ಬಸವಕಲ್ಯಾಣ’ ಎಂದು ಬರೆದೆ. ರೈಲು ಬಂತು, ನಿಂತಿತು. ನನ್ನ ಕಣ್ಣು ತುಂಬಿತು. ವಿಜಯಶ್ರೀ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದು ನೋಡಿದಳು.

“ಇಳಿದವ್ರು ಎಲ್ಲಿ ಹೋಗ್ಬೇಕು? ಸ್ಟೇಷನ್ ಹಿಂದ ಬರೀ ಟೇಬಲ್ ಅದ.”

ಸರಿಯಾದ ಪ್ರಶ್ನೆ. ಇಳಿದವರಿಗೆ ಒಂದು ಊರು ಬೇಕು, ಊರಿಗೊಂದು ಓಣಿ ಬೇಕು. ಯಾವ ಓಣಿ? ನಮ್ಮದೇ! ಕಲ್ಪನೆಯ ಓಣಿ ಕಟ್ಟಲು ನಾನೇನು ಅಷ್ಟು ಸೋಮಾರಿಯೇ? ಪ್ರತಿ ಬಾಗಿಲು, ಪ್ರತಿ ಮೆಟ್ಟಿಲು, ಪ್ರತಿ ಬಿರುಕು ಅಳೆದು ಕಟ್ಟುತ್ತೇನೆ ಎಂದು ಶಪಥ ಮಾಡಿದೆ. ನನ್ನ ಅವನತಿ ಇಲ್ಲಿಂದ ಶುರು.

ಅಂಗಡಿಯಲ್ಲಿ ಉಳಿದ ಮದುವೆ ಕಾರ್ಡುಗಳ ಸ್ಯಾಂಪಲ್ಲುಗಳು ಗೋಡೆಗಳಾದವು. ಹೊರಗಿನಿಂದ ನೋಡಿದರೆ ಸುಣ್ಣ ಮಾಸಿದ ಮನೆ. ಕಿಟಕಿಯಿಂದ ಇಣುಕಿದರೆ ‘ತಮ್ಮ ಆಗಮನಾಭಿಲಾಷಿಗಳು’. ವಿಜಯಶ್ರೀಯ ಬಾಚಣಿಗೆಯಲ್ಲಿ ಸಿಕ್ಕ ಕೂದಲು ಕರೆಂಟಿನ ತಂತಿಯಾಯಿತು. ರಸ್ತೆಗೆ ಅಂಟಿನ ಮೇಲೆ ರವೆ ಉದುರಿಸಿ ಬಣ್ಣ ಬಳಿದೆ. ಎಂಥ ನೈಜತೆ! ಮರುದಿನ ಬೆಳಗ್ಗೆ ಓಣಿಯ ತುಂಬ ಇರುವೆಗಳ ಸಂಚಾರ. ಮೂರನೆಯ ದಿನ ರಸ್ತೆಯೇ ಇರಲಿಲ್ಲ, ಇರುವೆಗಳು ಹೊತ್ತುಕೊಂಡು ಹೋಗಿದ್ದವು. ರವೆ ಬಿಟ್ಟು ಮರಳು ಹಾಕಿದೆ. ಉಪ್ಪಿಟ್ಟು ತಪ್ಪಿದ ಇರುವೆಗಳೂ ಅಡುಗೆಮನೆಯಲ್ಲಿ ವಿಜಯಶ್ರೀಯೂ ಒಂದೇ ಬಗೆಯಲ್ಲಿ ಮುನಿಸಿಕೊಂಡರು.

ಪಕ್ಕದ ಮನೆಯ ಗಯಾಸುದ್ದೀನ್ ಚಾಚಾ ಹಗಲೆಲ್ಲ ಬಾಗಿಲಲ್ಲೇ ಮಂಚ ಹಾಕಿ ಮಲಗುವವರು. ಅವರನ್ನು ಬೆಂಕಿಕಡ್ಡಿಯಿಂದ ಮಾಡಿದೆ. ಕಡ್ಡಿಯ ತುದಿಯ ಕೆಂಪು ಮದ್ದು ಅವರ ಮೆಹಂದಿ ಗಡ್ಡಕ್ಕೆ ಹೇಳಿ ಮಾಡಿಸಿದಂತಿತ್ತು. ಚಾಚಾ ಬಂದು ಕನ್ನಡಕ ಏರಿಸಿ ತಮ್ಮನ್ನೇ ತಾವು ಬಹಳ ಹೊತ್ತು ನೋಡಿಕೊಂಡರು.

“ಛಲೋ ಮಾಡೀದಿ ಬೇಟಾ. ಖರೆ ನನ್ನ ಬಾಜೂಕ ಯಾರಿಗೂ ಬೀಡಿ ಹಚ್ಚಾಕ ಬಿಡಬ್ಯಾಡ.”

ಎಲ್ಲಕ್ಕಿಂತ ಕಷ್ಟದ್ದು ಕಟ್ಟೆಗಳು. ನಮ್ಮ ಓಣಿಗೆ ಒಂದು ಪದ್ಧತಿಯಿದೆ. ಯಾರ ಮನೆಯಲ್ಲಿ ಮದುವೆಯಾದರೂ ಬೀಗರು ಕೂಡಲೆಂದು ಕಟ್ಟೆಯ ಮುಂದೆ ಒಂದು ಶಹಾಬಾದಿ ಫರಸಿ, ಅಂದರೆ ಚಪ್ಪಡಿ ಕಲ್ಲು, ಸೇರಿಸುತ್ತಾರೆ. ಬೀಗರು ಎದ್ದು ಹೋಗುತ್ತಾರೆ, ಫರಸಿ ಏಳುವುದಿಲ್ಲ. ಒಂದು ಫರಸಿ ಒಂದು ಅಡಿ. ಹೀಗೆ ಮನೆತನಗಳು ಬೆಳೆಯುತ್ತ ಬಂದವು, ಓಣಿ ಸೊರಗುತ್ತ ಬಂತು. ನಮ್ಮ ಕಟ್ಟೆಯ ಮೊದಲ ಫರಸಿ ಅಜ್ಜನ ಮದುವೆಯದು, ಎರಡನೆಯದು ಅಪ್ಪನದು, ಮೂರನೆಯದು ನನ್ನದು. ನನ್ನದು ಎಂದು ನಾನು ಹೇಳಿಕೊಳ್ಳುತ್ತೇನೆ ಅಷ್ಟೆ. ಅದು ವಿಜಯಶ್ರೀಯದು. ಅವಳಪ್ಪ ಬಸವಣಪ್ಪನವರು ಹುಮನಾಬಾದಿನಲ್ಲಿ ತಾವೇ ತಟ್ಟಿ ನೋಡಿ ಆರಿಸಿ ಕಳಿಸಿದ ಕಲ್ಲು. ಹದಿನೇಳು ವರ್ಷದಿಂದ ಅವಳು ಸಂಜೆ ಕೂಡುವುದು ಅದರ ಮೇಲೆಯೇ. ಎದುರು ಕಟ್ಟೆಯ ಮೂರನೆಯ ಫರಸಿಯ ಮೇಲೆ ಖುಷ್ನುಮಾ ಆಪಾ. ಇವಳು ಕೈ ಚಾಚಿ ಒಂದು ಕಟ್ಟು ಮೆಂತ್ಯ ಸೊಪ್ಪು ಕೊಟ್ಟರೆ ಅವರು ಕೈ ಚಾಚಿ ತೆಗೆದುಕೊಂಡು ಬಿಡಿಸುತ್ತಾರೆ. ಊರಿನ ಸುದ್ದಿಯೆಲ್ಲ ಆ ಸೊಪ್ಪಿನ ಜೊತೆಗೇ ಬಿಡಿಸಲ್ಪಡುತ್ತದೆ. ಇವಳ ತಾಯಿ ತೀರಿಕೊಂಡ ವರ್ಷ ಇವಳು ಮನೆಯೊಳಗೆ ಅತ್ತಿದ್ದನ್ನು ನಾನು ನೋಡಲಿಲ್ಲ. ಅತ್ತಿದ್ದೆಲ್ಲ ಆ ಕಲ್ಲಿನ ಮೇಲೆ, ಆಪಾರ ಎದುರಿಗೆ.

ನನ್ನ ಲೆಕ್ಕದಲ್ಲಿ ಮಾತ್ರ ಆ ಕಲ್ಲು ಮೂರೂವರೆ ಮಿಲಿಮೀಟರು. ಮಾದರಿಗೆಂದು ಕತ್ತರಿಸುವಾಗ ಆ ಚೂರು ಚಿಮ್ಮಿ ಎಲ್ಲೋ ಬಿತ್ತು. ಹುಡುಕಿ ಸಾಕಾಗಿ ನಮ್ಮ ಮನೆಯ ಮುಂದೆ ಎರಡೇ ಫರಸಿ ಅಂಟಿಸಿ ಸುಮ್ಮನಾದೆ. ಆ ಸಂಜೆಯೇ ಸಿಕ್ಕಿಬಿದ್ದೆ.

“ನನ್ನ ಫರಸಿ ಎಲ್ಲದ?”

“ಬರೀ ಮೂರೂವರೆ ಮಿಲಿಮೀಟರ್ ಅದ, ಯಾರಿಗಿ ಕಾಣ್ತದ?”

“ಖುಷ್ನುಮಾ ಆಪಾನ ಮೂರೂ ಅವ. ಚಾಚಾನ ಮೂರೂ ಅವ. ನಮ್ಮ ಅಪ್ಪ ಕೊಟ್ಟಿದ್ದೊಂದೇ ನಿಮಗ ಹೆಚ್ಚಾತೇನು? ನಿಮಗದು ಮಿಲಿಮೀಟರ್ ಇರ್ಬಹುದು, ನನಗ ತವರುಮನಿ.”

ಚಿಮಟಿಗೆಯಿಂದ ಹಿಡಿದು, ಉಸಿರು ಬಿಗಿಹಿಡಿದು, ತವರುಮನೆಯನ್ನು ಅಂಟಿಸಿದೆ. ಮಾದರಿ ಈಗ ಪರಿಪೂರ್ಣವಾಗಿತ್ತು. ಒಂದು ಸುಳ್ಳನ್ನೂ ಉಳಿಸಿರಲಿಲ್ಲ. ಎಷ್ಟು ದೊಡ್ಡ ಮೂರ್ಖ ನಾನು!

ಹುಮನಾಬಾದಿನ ಒಂದು ಶಾಲೆಯಲ್ಲಿ ಹವ್ಯಾಸಗಳ ಪ್ರದರ್ಶನ ಇಟ್ಟಿದ್ದರು. ಹೆಂಡತಿಯ ಊರಿಗೇ ನನ್ನ ರೈಲು ಒಯ್ಯುವ ಅವಕಾಶವನ್ನು ಯಾವ ಗಂಡ ಬಿಟ್ಟಾನು? ಟೆಂಪೋದಲ್ಲಿ ಇಡೀ ಓಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಗುಂಡಿ ಬಂದಾಗಲೆಲ್ಲ ಚಾಚಾ ಮಂಚದಿಂದ ಉರುಳಿದರು, ಎತ್ತಿ ಮಲಗಿಸಿದೆ.

ಪ್ರದರ್ಶನದಲ್ಲಿ ರೈಲು ಮೂರನೆಯ ಸುತ್ತಿಗೇ ಹಳಿ ತಪ್ಪಿ ಮಲಗಿತು. ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣೂ ಓಣಿಯ ಮೇಲಿತ್ತು. ಅದರಲ್ಲೂ ಅಜೀಮ್ ಸಾಹೇಬರೆಂಬವರು ಒಂದು ತಾಸು ಕದಲಲಿಲ್ಲ. ರಸ್ತೆ ಕೆಲಸದ ಓವರ್‌ಸೀಯರ್ ಅಂತೆ, ಬಸವಕಲ್ಯಾಣದಲ್ಲೇ ಇರುತ್ತಾರಂತೆ. ಬೇರೆಯವರು ‘ಚಂದ ಅದ’ ಅಂದು ಮುಂದೆ ಹೋಗುತ್ತಾರೆ. ಅಳತೆ ಬಲ್ಲವನ ಮೆಚ್ಚುಗೆಯ ರುಚಿಯೇ ಬೇರೆ. ನಾನು ಕರಗಿಹೋದೆ.

“ಇದು ಅಂದಾಜ ಮಾಡಿದ್ದೇನ್ರಿ?” ಎಂದರು.

“ಅಂದಾಜ? ಒಂದೊಂದು ಕಲ್ಲು ಟೇಪ್ ಹಿಡಿದು ಅಳೆದೀನ್ರಿ ಸಾಹೇಬ್ರ. ನೀವು ಸ್ಕೇಲ್ ಇಡ್ರಿ, ಎಂಬತ್ತೇಳರಲೇ ಗುಣಸ್ರಿ, ತಪ್ಪಿದ್ರ ನನ್ನ ಮೀಸಿ ತಗೀತೀನಿ.”

“ಈ ಓಣಿ ಖರೆನೂ ಅದ ಏನು?”

ಇದೆಂಥ ಪ್ರಶ್ನೆ! ನಾನು ವಿಳಾಸ ಕೊಟ್ಟೆ, ದಾರಿ ಹೇಳಿದೆ, ಕಾಗದದ ಮೇಲೆ ತಿರುವುಗಳನ್ನೂ ಗುರುತು ಮಾಡಿಕೊಟ್ಟೆ. ಅವರು ಮೇಲಿನಿಂದ, ಪಕ್ಕದಿಂದ ಫೋಟೋ ತೆಗೆದುಕೊಂಡರು. ಸ್ಕೇಲನ್ನು ನಾನೇ ಹಿಡಿದುಕೊಂಡು ನಿಂತೆ. ಸಂಜೆ ನೈಜತೆಗಾಗಿ ಪ್ರಶಸ್ತಿಪತ್ರವೂ ಸಿಕ್ಕಿತು. ಬರುವಾಗ ವಿಜಯಶ್ರೀ ಟೆಂಪೋದಲ್ಲಿ ನನ್ನ ಭುಜಕ್ಕೆ ಒರಗಿ, “ಆ ಸಾಹೇಬ್ರು ನನ್ನ ಫರಸಿ ಎರಡು ಸಲ ನೋಡಿದ್ರು, ಕಂಡ್ರೇನು?” ಎಂದಳು. ಹದಿನೇಳು ವರ್ಷದಲ್ಲಿ ಇಂಥ ಪ್ರಯಾಣ ನಾವು ಮಾಡಿರಲಿಲ್ಲ.

ಹದಿನೈದು ದಿನಕ್ಕೆ ಅಜೀಮ್ ಸಾಹೇಬರು ನಮ್ಮ ಓಣಿಗೇ ಬಂದರು. ಜೊತೆಗೆ ಇಬ್ಬರು ಆಳುಗಳು, ಒಂದು ಉದ್ದನೆಯ ಟೇಪು, ಒಂದು ಡಬ್ಬಿ ಕೆಂಪು ಬಣ್ಣ.

“ಬರ್ರಿ ಬರ್ರಿ ಸಾಹೇಬ್ರ, ರೈಲು ನೋಡಾಕ ಬಂದ್ರೇನು?”

“ಇಲ್ರಿ. ಓಣಿ ನೋಡಾಕ.”

ವಿಷಯ ಅವರು ಸಾವಧಾನವಾಗಿಯೇ ಹೇಳಿದರು. ನಗರಸಭೆಯ ಕಾಗದದಲ್ಲಿ ನಮ್ಮ ಓಣಿಯ ಅಗಲ ಹನ್ನೆರಡು ಅಡಿ. ಮಾದರಿಯಲ್ಲಿ ಇರುವುದು ಇಪ್ಪತ್ತೊಂದು ಮಿಲಿಮೀಟರು, ಎಂಬತ್ತೇಳರಿಂದ ಗುಣಿಸಿದರೆ ಆರು ಅಡಿ. ಆ ಕಡೆ ಮೂರು ಫರಸಿ, ಈ ಕಡೆ ಮೂರು ಫರಸಿ. ಅಳತೆ ನಿಜವಾದರೆ ಕಟ್ಟೆಗಳನ್ನೆಲ್ಲ ಗೋಡೆಯವರೆಗೆ ತೆಗೆಯಬೇಕು.

ವಿಜಯಶ್ರೀ ನನ್ನ ಕಡೆ ನೋಡಿದಳು. ಆ ನೋಟದ ಅಳತೆ ಯಾವ ಸ್ಕೇಲಿಗೂ ಸಿಗುವುದಲ್ಲ.

ನಾನು ಆ ಕ್ಷಣವೇ ನನ್ನ ಕಲೆಯನ್ನು ಕೈಬಿಟ್ಟೆ. “ಸಾಹೇಬ್ರ, ಅದೆಲ್ಲ ಕಲ್ಪನಾ ರಿ. ಆವತ್ತು ಸುಮ್ಮ ಬಡಾಯಿ ಕೊಚ್ಚೀನಿ. ಖರೆ ಹೇಳ್ಬೇಕಂದ್ರ ನಂಗ ಟೇಪ್ ಹಿಡ್ಯಾಕೇ ಬರಂಗಿಲ್ಲ.”

ಓಣಿ ನನ್ನ ನೆರವಿಗೆ ಧಾವಿಸಿತು.

“ಹೌದ್ರಿ ಸಾಬ್,” ಎಂದರು ಗಯಾಸುದ್ದೀನ್ ಚಾಚಾ ಮಂಚದ ಮೇಲೆ ಎದ್ದು ಕುಳಿತು. “ಇಂವ ಮಾಡಿದ್ದು ಎಲ್ಲಾ ಬೇಕಾರ್. ನೋಡ್ರಿ, ನಾ ಬೆಂಕಿಕಡ್ಡಿಯಂಗ ಕಾಣ್ತೀನೇನು?”

“ಇವ್ರಿಗಿ ಕಣ್ಣೇ ಬರೋಬ್ಬರ ಇಲ್ರಿ,” ಎಂದರು ಖುಷ್ನುಮಾ ಆಪಾ. “ಹಾಡೇ ಹಗಲು ನಮ್ಮ ಕಟ್ಟಿ ಬುಡಕ ಬೋರಲ ಬಿದ್ದಿದ್ರು. ಬೇಕಿದ್ರ ಕುರಾನ್ ಮ್ಯಾಲ ಕೈಯಿಟ್ಟು ಹೇಳ್ತೀನಿ.”

“ಹದಿನೇಳು ವರ್ಷದಾಗ ಇವ್ರದು ಒಂದು ಲೆಕ್ಕಾನೂ ಕೂಡಿಲ್ಲ,” ಎಂದಳು ವಿಜಯಶ್ರೀ. ಅವಳು ಹೇಳಿದ ರೀತಿಯಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ.

ಮರ್ಯಾದೆ ಹೋದರೆ ಹೋಗಲಿ, ಕಟ್ಟೆ ಉಳಿಯಲಿ ಎಂದು ನಾನು ತಲೆಯಾಡಿಸುತ್ತಲೇ ಇದ್ದೆ. ಅಜೀಮ್ ಸಾಹೇಬರು ಎಲ್ಲರ ಮಾತನ್ನೂ ಕೇಳಿ, ಆಳುಗಳಿಗೆ ಟೇಪು ಬಿಚ್ಚಲು ಹೇಳಿದರು. ನಮ್ಮ ಕಟ್ಟೆ ಅಳೆದರು. ಆಪಾರ ಕಟ್ಟೆ ಅಳೆದರು. ಓಣಿಯ ಅಗಲ ಮೂರು ಕಡೆ ಅಳೆದರು. ಮೊಬೈಲಿನ ಫೋಟೋ ನೋಡಿದರು, ಮತ್ತೆ ಅಳೆದರು. ಅವರ ಮುಖ ಅರಳಿತು.

“ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ,” ಎಂದು ನನ್ನ ಕೈ ಹಿಡಿದು ಕುಲುಕಿದರು. “ಇಪ್ಪತ್ತು ವರ್ಷದ ನೌಕರ್ಯಾಗ ಇಂಥಾ ಅಳತಿ ನೋಡಿಲ್ರಿ.”

ಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಆಣೆ ಮಾಡಲು ಹೊರಟಿದ್ದ ಆಪಾ ಸೆರಗು ಬಾಯಿಗೆ ಒತ್ತಿಕೊಂಡರು. ಚಾಚಾ ಮತ್ತೆ ಮಲಗಿ ಗೋಡೆಯ ಕಡೆ ಹೊರಳಿದರು.

“ಸಾಹೇಬ್ರ,” ಎಂದಳು ವಿಜಯಶ್ರೀ, “ಇಷ್ಟು ವರ್ಷ ಈ ಓಣ್ಯಾಗ ಯಾರೂ ಟೇಪ್ ತಂದಿಲ್ಲ. ಈಗ್ಯಾಕ?”

“ಹನ್ನೆರಡು ಅಡಿ ಅದ ಅಂತ ನಂಬಿದ್ವಿ ಅಕ್ಕಾರ. ಕಟ್ಟಿ ತಗೀರಿ ಅಂತ ನಮಗ ಯಾರೂ ಅರ್ಜಿ ಕೊಟ್ಟಿದ್ದಿಲ್ಲ. ನಿಮ್ಮ ಯಜಮಾನ್ರೇ ಎಲ್ಲಾ ತೋರಿಸಿ ಕೊಟ್ರು.”

ವಿಜಯಶ್ರೀ ಹೋಗಿ ತನ್ನ ಫರಸಿಯ ಮೇಲೆ ಕುಳಿತಳು. ಎದುರಿಗೆ ಆಪಾ ಕುಳಿತರು. ಇಬ್ಬರ ಕೈಯಲ್ಲೂ ಸೊಪ್ಪಿರಲಿಲ್ಲ. ಆಳು ಬಣ್ಣದ ಕುಂಚ ಹಿಡಿದು ಬಂದು, ಎಬ್ಬಿಸಲು ಧೈರ್ಯ ಸಾಲದೆ, ಸೀರೆಯ ಅಂಚಿನವರೆಗೆ ಗೆರೆ ಎಳೆದು, ಅವಳನ್ನು ದಾಟಿ, ಆಚೆಯಿಂದ ಮುಂದುವರಿಸಿದ. ಆರು ಅಡಿ ಇದ್ದದ್ದು ಹನ್ನೆರಡಾದರೆ ಆ ಸೊಪ್ಪಿನ ಕಟ್ಟು ಕೈಯಿಂದ ಕೈಗೆ ದಾಟುವುದಿಲ್ಲ, ಎಸೆಯಬೇಕಾಗುತ್ತದೆ. ಅಳುವುದನ್ನು ಎಸೆಯಲಿಕ್ಕಾಗುತ್ತದೆಯೇ? ಅಳತೆ ಬಲ್ಲ ನನಗೆ ಆ ಲೆಕ್ಕ ಆಗಲೇ ಹೊಳೆದದ್ದು.

ತಿಂಗಳೊಳಗೆ ಕೆಲಸ ಶುರುವಾಗುತ್ತದೆ ಎಂದು ಹೇಳಿ ಅಜೀಮ್ ಸಾಹೇಬರು ಹೊರಟರು. ಓಣಿಯ ಬಾಯಿವರೆಗೆ ಅವರ ಹಿಂದೆಯೇ ಹೋದೆ. ಕಟ್ಟೆ ಹೋಗುವುದಂತೂ ಹೋಗುತ್ತದೆ. ಯಾವುದೋ ಒಂದು ದೊಡ್ಡ ಕಾರ್ಯಕ್ಕೆ ಹೋಯಿತು ಎನ್ನುವಂತಾದರೆ ರಾತ್ರಿ ಊಟಕ್ಕಾದರೂ ಮನೆಯೊಳಗೆ ಹೋಗಬಹುದಿತ್ತು. ಹೆದ್ದಾರಿಗೆ ಕೂಡುವ ರಸ್ತೆಯೋ, ಸಿಟಿ ಬಸ್ಸೋ, ಏನಾದರೂ ಒಂದು.

“ಸಾಹೇಬ್ರ,” ಎಂದು ಕೇಳಿದೆ, “ಇಷ್ಟು ಅಗಲ ಮಾಡಿದ ಮ್ಯಾಲ ನಮ್ಮ ಓಣ್ಯಾಗ ಏನ್ ಬರ್ತದ್ರಿ?”

ಅವರು ಬಣ್ಣದ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದರು.

“ಕಸದ ಗಾಡಿರಿ,” ಎಂದರು. “ದಿನಾ ಮುಂಜಾನಿ ಏಳಕ್ಕ. ಹಳಿ ತಪ್ಪಂಗಿಲ್ಲ.”