ಚೆನ್ನಾಗಿ ಬಂದಿಲ್ಲ ಅನ್ನಬಾರದು

ನೋಡಿ, ಮತ್ತೆ ಎಬ್ಬಿಸಿದರು. ನಾನು ಬರೆಯಲು ಕೂತರೆ ಸಾಕು, ನಮ್ಮ ಅತ್ತೆಗೆ ಇಂಗಿನ ಡಬ್ಬಿ ಕಾಣೆಯಾಗುತ್ತದೆ. ನಾನು ಮದುವೆಯಾಗಿ ಬಂದಾಗಿನಿಂದ ಅದು ಅದೇ ಗೂಡಿನಲ್ಲಿದೆ. ಕೂತ ಜಾಗದಲ್ಲಿ ಇರುವ ಪುಣ್ಯ ಡಬ್ಬಿಗಿದೆ, ನನಗಿಲ್ಲ.

ಚಿತ್ರದುರ್ಗದ ನಮ್ಮ ಮನೆಯ ಹಾಲಿನಲ್ಲಿ ಹುಡುಗಿಯರಿಗೆ ಬ್ಲೌಸ್ ಮೇಲೆ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ, ಹಾಕುವುದನ್ನು ಕಲಿಸುತ್ತೇನೆ. ಒಂದು ಕಡೆ ಟಿವಿ, ಇನ್ನೊಂದು ಕಡೆ ಕುಕ್ಕರ್ ಸೀಟಿ, ನಡುವೆ ಮಣಿ ಚೆಲ್ಲುವ ನನ್ನ ಮಗಳು. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಮಳಿಗೆ ಖಾಲಿ ಇದೆ. ಒಳಗಿನಿಂದ ಬಾಗಿಲು ಹಾಕಿಕೊಳ್ಳಬಹುದಾದ ಮಳಿಗೆ! ಮಗಳ ಕೈ ಹಿಡಿದು ತರಕಾರಿಗೆ ಹೋದಾಗಲೆಲ್ಲ ಬಾಗಿಲ ಸಂದಿಯಿಂದ ಇಣುಕಿ, ಬಟ್ಟೆ ಬಿಗಿಯುವ ಸ್ಟ್ಯಾಂಡು ಇಲ್ಲಿ, ಕನ್ನಡಿ ಅಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿ ಬರುತ್ತೇನೆ. ಯಜಮಾನರಿಗೆ ಹೇಳಿಲ್ಲ.

ಸೂಜಿ ಕೆಲಸವನ್ನು ಹುಡುಗಿಯರು ಬೇಗ ಕಲಿಯುತ್ತಾರೆ. ಕೊನೆಯ ಪಾಠವೇ ಕಷ್ಟ. ಮಾಡಿ ಮುಗಿಸಿದ ಡಿಸೈನನ್ನು ಗಿರಾಕಿಗೆ ತೋರಿಸಿ ಒಪ್ಪಿಸುವುದು. ನಗು ಬರುವುದೆಲ್ಲ ಅಲ್ಲೇ.

ಹೋಳಿಗೆ ಪದ್ಧತಿ

ಭರಮಸಾಗರದ ಹುಡುಗಿ ಬ್ಲೌಸಿನ ಬೆನ್ನಿಗೆ ಸೂರ್ಯಕಾಂತಿ ಹಾಕಿದ್ದಳು. ಹೊಲದಿಂದ ಕಿತ್ತು ತಂದು ಅಂಟಿಸಿದ ಹಾಗಿತ್ತು. ಮದುವೆ ಹೆಣ್ಣಿನ ತಾಯಿ ಬಿಚ್ಚಿ ನೋಡುವಷ್ಟರಲ್ಲೇ ಇವಳು, “ಅಷ್ಟೇನೂ ಚೆನ್ನಾಗಿ ಬಂದಿಲ್ಲ ಕಣ್ರಿ. ಇಲ್ನೋಡ್ರಿ, ಒಂದು ಎಸಳು ಸೊಟ್ಟ ಐತೆ” ಎಂದು ಬೆರಳಿಟ್ಟು ತೋರಿಸಿದಳು. ಆ ತಾಯಿ ಕನ್ನಡಕ ಹಾಕಿಕೊಂಡು ಇನ್ನೆರಡು ಹುಡುಕಿದರು.

“ಯಾಕೆ ಹಂಗಂದೆ?” ಎಂದು ಆಮೇಲೆ ಕೇಳಿದೆ.

“ನಮ್ಮನೇಲಿ ಹೋಳಿಗೆ ಬಡಿಸಿದ್ರೂ ಚೆನ್ನಾಗಿ ಬಂದಿಲ್ಲ ಅಂತೀವಿ ಅಕ್ಕ. ನೆಂಟ್ರು ‘ಅಯ್ಯೋ, ಚೆನ್ನಾಗೈತೆ’ ಅಂತ ಇನ್ನೊಂದು ಹಾಕಿಸ್ಕಂತಾರೆ.”

“ಇವ್ರು ಹಾಕಿಸ್ಕಂಡ್ರಾ?”

“ಇಲ್ಲ ಅಕ್ಕ. ಎಲೆ ಮಡಚಿ ಎದ್ದೋದ್ರು.”

ಬಾಯಿ ಮುಚ್ಚುವ ಪಾಠ

ಅವತ್ತೇ ನಿಯಮ ಮಾಡಿದೆ. “ಏನು ಮಾಡಿದೀರಿ, ಯಾಕೆ ಮಾಡಿದೀರಿ, ಎರಡೇ ಮಾತು ಹೇಳ್ರಿ. ಆಮೇಲೆ ಗಿರಾಕಿ ಬಾಯಿ ಬಿಡೋವರೆಗೂ ನೀವು ಮುಚ್ಕಂಡಿರ್ರಿ.”

ಹೊಳಲ್ಕೆರೆಯ ಹುಡುಗಿ ಎರಡು ಮಾತು ಹೇಳಿದಳು, ಮುಚ್ಚಿದಳು. ಬಂದ ಗಿರಾಕಿಯೂ ಮಾತು ಕಡಿಮೆಯ ಹೆಂಗಸು. ಚಾಪೆಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬ್ಲೌಸ್, ಆಚೆ ಈಚೆ ತಲೆ ತಗ್ಗಿಸಿ ಕೂತ ಇಬ್ಬರು. ನಿಯಮ ಮಾಡಿದವಳು ನಾನೇ ಆದ್ದರಿಂದ ನಾನೂ ಸುಮ್ಮನಿದ್ದೆ. ಹೂವು ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು:

“ಯಾರೇ ಹೋದ್ರು?”

ನನ್ನ ಸರದಿ

ಹಿರಿಯೂರಿನ ಹುಡುಗಿಗೆ ನನ್ನದೇ ನಾಲಿಗೆ. ಬಸ್‌ಸ್ಟ್ಯಾಂಡಿನಿಂದ ಬರುವಾಗ ನಾನು ಇಣುಕುವುದನ್ನು ನೋಡಿದ್ದಳಂತೆ. “ನಮಗೆಲ್ಲ ಹೇಳ್ಕೊಡ್ತೀರಿ. ಆ ಮಳಿಗೆ ವಿಷ್ಯ ಅಣ್ಣಂಗೆ ಯಾವಾಗ ಹೇಳ್ತೀರಿ ಅಕ್ಕ?”

ಹತ್ತನೇ ಕ್ಲಾಸ್ ಮುಗಿದಾಗ ‘ಡ್ರಾಯಿಂಗ್ ಕಲೀತೀನಿ ಅಪ್ಪಾ’ ಎನ್ನುವ ಮಾತು ನನ್ನ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ನೆಂಟರು ಬಂದರು. ಟೀ ಇಡಲು ಎದ್ದೆ. ಆಗ ಎದ್ದವಳು ಇನ್ನೂ ಕೂತಿಲ್ಲ.

ಹುಡುಗಿಯರು ನನಗೇ ಅಭ್ಯಾಸ ಮಾಡಿಸಿದರು. ಹಿರಿಯೂರಿನವಳು ನಮ್ಮ ಯಜಮಾನರಾದಳು. ಕಾಲ ಮೇಲೆ ಕಾಲು, ಕೈಯಲ್ಲಿ ಫೋನು, ಎಲ್ಲದಕ್ಕೂ “ಹ್ಞೂಂ.” ಎಷ್ಟು ಥೇಟ್ ಅವರ ಹಾಗೇ ಇತ್ತೆಂದರೆ ನನ್ನ ಮಗಳು ಹೋಗಿ ಅವಳ ತೊಡೆಯೇರಿ ಚಾಕಲೇಟ್ ಕೇಳಿದಳು. ನಾನು ಎರಡು ಮಾತು ಸರಾಗವಾಗಿ ಹೇಳಿ ಮುಗಿಸಿದೆ.

ಸಂಜೆ ಊರಿನ ಬಸ್ಸು ಬಿಟ್ಟು ಹುಡುಗಿಯರು ಮೂವರೂ ಅಡುಗೆಮನೆಯ ಪರದೆ ಹಿಂದೆ ನಿಂತರು. ಯಜಮಾನರಿಗೆ ಟೀ ಕೊಟ್ಟು, “ನಿಮ್ಮತ್ರ ಒಂದು ಮಾತು ಹೇಳ್ಬೇಕು” ಎಂದೆ. ಅವರು ಫೋನನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅಭ್ಯಾಸದಲ್ಲಿ ಅದು ಇರಲಿಲ್ಲ.

“ಹೇಳು.”

“ಆ ಮೂಲೆ ಮಳಿಗೆ ಖಾಲಿ ಐತಲ್ರಿ…”

“ಹ್ಞೂಂ, ಐತೆ.”

“ಅಷ್ಟೇನೂ ಚೆನ್ನಾಗಿಲ್ಲ ಬಿಡ್ರಿ.”

“ಚೆನ್ನಾಗಿಲ್ಲದ್ದು ನಮಗ್ಯಾಕೆ?” ಎಂದು ಅವರು ಫೋನ್ ಎತ್ತಿಕೊಂಡರು. ಪರದೆಯ ಹಿಂದೆ ಮೂವರೂ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

ಅಪ್ಪನ ಪಕ್ಕ ಮಣಿ ಪೋಣಿಸುತ್ತಿದ್ದ ಮಗಳು ತಲೆ ಎತ್ತಿದಳು.

“ಅಮ್ಮ, ಚೆನ್ನಾಗಿಲ್ಲ ಅಂದ್ರೆ ದಿನಾ ಅದ್ರೊಳಗೆ ಯಾಕೆ ಇಣುಕ್ತೀಯಾ?”