ಐದೇ ವೋಲ್ಟು ಉಣ್ಣುವ ಯಂತ್ರ

ನಾನು ವೈರು ಹಿಡಿದು ಎಲ್ಲಿ ನಿಂತರೂ ಅಲ್ಲೊಂದು ನಗುವಂಥದ್ದು ಆಗಿಯೇ ತೀರುತ್ತದೆ. ಪುಣ್ಯಕ್ಕೆ ಅಲ್ಲೊಬ್ಬ ಒಳ್ಳೆಯ ಮನುಷ್ಯನೂ ಸಿಗುತ್ತಾನೆ.

ಮಟಮಾರಿಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಕಂಪ್ಯೂಟರ್ ಮುಟ್ಟಿದ ಮೊದಲ ಗಂಡಸು ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ಈ ಎಂಬತ್ತಾರನೇ ಇಸವಿಯಲ್ಲಿ ರಾಯಚೂರಿನ ತರಬೇತಿ ಶಾಲೆಯೊಂದರಲ್ಲಿ ನನಗೆ ಕೆಲಸ. ನಮ್ಮ ಕಂಪ್ಯೂಟರ್ ಅಂದರೆ ಒಂದೇ ಹಲಗೆ. ಮೇಲೆ ಒಂದಷ್ಟು ಗುಂಡಿಗಳು, ಕೆಂಪು ಅಂಕಿಗಳು. ಅದಕ್ಕೆ ಕರೆಂಟು ಕೊಡುವ ಡಬ್ಬಿ ಕೆಟ್ಟಿತು. ಹಲಗೆಗೆ ಬೇಕಾದದ್ದು ಐದು ವೋಲ್ಟು. ಹೆಚ್ಚಾದರೆ ಸುಟ್ಟೇ ಹೋಗುತ್ತದೆ.

ಪ್ರಿನ್ಸಿಪಾಲರು ಕರೆದು ಹೇಳಿದರು: "ಹೊಸ ಡಬ್ಬಿ ನೀನೇ ನೋಡಿ ತಾ. ದೇವದುರ್ಗ, ಮಾನ್ವಿಯೊಳಗ ಹಲಗೀನ ಮಂದಿಗಿ ತೋರಸೂದು ಅದ. ಹಲಗಿ ಸುಟ್ಟರ ಮರುದಿನದಿಂದ ನೀ ಕುರಿ ಕಾಯಾಕ ಹೋಗು."

ರಾಯಚೂರು: ಚೌಕಾಸಿ

ಬಜಾರಿನಲ್ಲಿ ರೇಡಿಯೋ ಸಾಮಾನಿನ ಅಂಗಡಿಗೆ ಹೋಗಿ ಐದು ವೋಲ್ಟಿನ ಡಬ್ಬಿ ಕೇಳಿದೆ.

"ಆರಿಂದು ಅದ ನೋಡ್ರಿ," ಅಂದರು ಮಾಲೀಕರು.

"ಐದೇ ಬೇಕ್ರಿ."

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ನೀವು ಐದಂದ್ರಿ, ನಾ ಆರಂದೆ. ನಡುವ ಬರ್ರಿ, ಐದೂವರಿಗಿ ಮುಗಸೂಣು."

ನಾನು ಜಗ್ಗುವವನಲ್ಲ. "ಅರ್ಧ ವೋಲ್ಟೂ ಮ್ಯಾಲ ಏರಂಗಿಲ್ಲ," ಅಂದೆ.

ಅವರು ಸೋತವರಂತೆ ಉಸಿರುಬಿಟ್ಟು ಡಬ್ಬಿಯ ಗುಂಡಿಯನ್ನು ಆರರಿಂದ ಕೆಳಗೆ ಸರಿಸಿದರು. "ಬಾಳ ಬಿಗಿ ಮನಷ್ಯಾ ನೀವು. ಮೂರಕ್ಕ ಒಯ್ರಿ. ಇಷ್ಟು ಕಡಿಮಿ ಇನ್ಯಾರೂ ಕೊಡಂಗಿಲ್ಲ."

ದೇವದುರ್ಗ: ಊಟದ ಲೆಕ್ಕ

ಆದರೂ ಆ ಮಾಲೀಕರು ದೊಡ್ಡವರು. ರಾಯಚೂರಿನಲ್ಲೇ ತೀನ್ ಕಂದೀಲ್ ಹತ್ತಿರ ರೇಡಿಯೋ ರಿಪೇರಿ ಮಾಡುವ ಉಸ್ತಾದರ ಮನೆವರೆಗೂ ತಾವೇ ನಡೆದು ಬಂದು ಬಿಟ್ಟುಹೋದರು. ಉಸ್ತಾದರು ಕೈಯಾರೆ ಐದು ವೋಲ್ಟಿನ ಡಬ್ಬಿ ಕಟ್ಟಿದರು. "ಆಫತ್ ಬಂತಂದ್ರ ಈ ಫ್ಯೂಸ್ ಮೊದ್ಲು ಸಾಯ್ತದ ಬೇಟಾ, ನಿನ್ನ ಹಲಗಿ ಉಳೀತದ," ಅಂದರು.

ಪ್ರಿನ್ಸಿಪಾಲರೂ ನಾನೂ ದೇವದುರ್ಗದ ಶಾಲೆಗೆ ಹೋದರೆ ಅಲ್ಲಿ ಕರೆಂಟೇ ಇಲ್ಲ. ಶಾಲೆಯ ಪಕ್ಕದ ಗೌಡರು ನಮ್ಮ ಪೇಚಾಟ ನೋಡಿ ತಮ್ಮ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಹೆಗಲ ಮೇಲೆ ಹೊತ್ತು ತಂದರು.

"ಹಚ್ಚಪಾ. ಹನ್ನೆರಡು ವೋಲ್ಟ್ ಅದಾವ."

"ಇದು ಐದೇ ತಿಂತದ್ರಿ ಗೌಡ್ರ."

"ಬೀಗರು ಐದು ರೊಟ್ಟಿ ಸಾಕಂದ್ರ ಐದೇ ಹಾಕ್ತೀವೇನು? ಹನ್ನೆರಡು ಹಾಕೂದು, ಸಾಕಾದ್ರ ಅವರೇ ಕೈ ಅಡ್ಡ ಹಿಡೀತಾರ."

"ಇದಕ್ಕ ಅಡ್ಡ ಹಿಡಿಯಾಕ ಕೈ ಇಲ್ರಿ. ಹಾಕಿದ್ದೆಲ್ಲಾ ತಿಂದು ಸಾಯ್ತದ."

ಗೌಡರು ಹಲಗೆಯನ್ನು ಕನಿಕರದಿಂದ ನೋಡಿದರು. "ಹಂಗಾರ ಇದನ್ನ ನಮ್ಮ ಮನಿ ಕಡಿ ತರಬ್ಯಾಡ. ನಮ್ಮಕಿ ಕೊಂದೇ ಬಿಡ್ತಾಳ."

ಕರೆಂಟು ಬರುವವರೆಗೆ ಅವರ ಮನೆಯಲ್ಲೇ ಉಂಡೆವು. ನನಗೆ ಎರಡು ಕೈ ಇದ್ದವು. ಆ ತಾಯಿಯ ಮುಂದೆ ಒಂದೂ ಕೆಲಸಕ್ಕೆ ಬರಲಿಲ್ಲ.

ಮಾನ್ವಿ: ಹೋಗದ ಫ್ಯೂಸು

ಮಾನ್ವಿಯಲ್ಲಿ ಕಲ್ಯಾಣಮಂಟಪ ತುಂಬ ಜನ. ಕೆಂಪು ಅಂಕಿಗಳು ಮೂಡಿ ಜನ ಮುಂದೆ ಬಾಗಿದ್ದರು, ಅಷ್ಟರಲ್ಲಿ ಕರೆಂಟು ಒಮ್ಮೆಲೇ ಏರಿ ಟ್ಯೂಬ್‌ಲೈಟು ಧಗ್ ಅಂತ ಬೆಳ್ಳಗಾಯಿತು, ನಮ್ಮ ಡಬ್ಬಿ ಪಟ್ ಅಂದಿತು. ಹಲಗೆ ಕತ್ತಲು. ಪ್ರಿನ್ಸಿಪಾಲರು ನನ್ನನ್ನು ನೋಡಿದ ರೀತಿಗೆ ನನಗೆ ಆಗಲೇ ಕುರಿ ಕಾಣಿಸತೊಡಗಿದವು.

ತೆರೆದು ನೋಡಿದೆ; ಸತ್ತದ್ದು ಫ್ಯೂಸು. ಮಂಟಪದ ವೈರ್‌ಮನ್ ಪಾಪ ನಮಗಾಗಿ ಓಡಿಹೋಗಿ ಬೇಲಿಗೆ ಕಟ್ಟುವಂಥ ದಪ್ಪ ತಂತಿ ತಂದ. "ಫ್ಯೂಸಿನ ಜಾಗಾದಾಗ ಇದನ್ನ ಹಾಕ್ರಿ. ಜಲ್ಮದಾಗ ಹೋಗಂಗಿಲ್ಲ."

"ಲಗೂ ಹಾಕು, ಮಂದಿ ಏಳಾಕತ್ಯಾರ," ಅಂದರು ಪ್ರಿನ್ಸಿಪಾಲರು.

"ಮೊದ್ಲು ನನ್ನ ಕೆಲಸದಿಂದ ತಗೀರಿ ಸರ್, ಆಮ್ಯಾಲೆ ಬೇಕಾದ್ದು ಹಾಕಿಸ್ರಿ," ಅಂದೆ.

ತೆಗೆದಿಟ್ಟ ಡಬ್ಬಿಯ ಮುಚ್ಚಳ ಮಗುಚಿದರೆ ಅದರ ಒಳಮೈಗೆ ಉಸ್ತಾದರು ಇನ್ನೊಂದು ಫ್ಯೂಸು ಅಂಟಿಸಿಟ್ಟಿದ್ದರು. ಆ ಪುಣ್ಯಾತ್ಮನ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿ ಕೂಡಿಸಿದೆ. ಕೆಂಪು ಅಂಕಿಗಳು ಮತ್ತೆ ಬೆಳಗಿದವು. ಜನ ಚಪ್ಪಾಳೆ ಹೊಡೆದರು, ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಚಪ್ಪಾಳೆ ಉಸ್ತಾದರದು, ಅವರು ಅಲ್ಲಿ ಇರಲಿಲ್ಲವಾದ್ದರಿಂದ ಅಷ್ಟನ್ನೂ ನಾನೇ ತಗೊಂಡೆ.

ವೈರ್‌ಮನ್‌ಗೆ ಮಾತ್ರ ಸಮಾಧಾನವಿಲ್ಲ. "ನಿಮ್ಮ ಫ್ಯೂಸ್ ಬಾಳ ನಾಜೂಕು ಬಿಡ್ರಿ. ನಾ ಈ ತಂತಿ ಹಾಕಿದಾಗಿಂದ ಈ ಮಂಟಪದಾಗ ಒಂದು ಫ್ಯೂಸೂ ಹೋಗಿಲ್ಲ."

"ಬ್ಯಾರೆ ಏನೂ ಹೋಗಿಲ್ಲೇನಪಾ?" ಕೇಳಿದರು ಪ್ರಿನ್ಸಿಪಾಲರು.

"ಹೋಗ್ಯಾವ್ರಿ. ಎರಡು ಫ್ಯಾನು, ಮೈಕಿನ ಪೆಟಿಗಿ, ನೀರಿನ ಮೋಟರು. ಹೋದ ಬ್ಯಾಸಗ್ಯಾಗ ಮೀಟರು ಗ್ವಾಡಿ ಸಮೇತ ಹೋತು. ಫ್ಯೂಸ್ ಮಾತ್ರ ಅಲ್ಲಾಡಿಲ್ರಿ."